ಅತ್ತೆಯ ಕೈಯಿಂದ ನುಂಗಿದ ಮಾತ್ರೆ

ನಮ್ಮ ಮನೆಯಲ್ಲಿ ಬಾಣಂತಿಯಾದವಳು ತಾನಾಗಿ ಎದ್ದು ಹೋಗಿ ಒಂದು ಲೋಟ ನೀರನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಚಂದ್ರಾ ಲೇಔಟ್‌ನ ಆ ಮನೆಯ ಹಿಂದಿನ ಕೋಣೆಯಲ್ಲಿ, ಗಾಳಿ ತಾಗಬಾರದೆಂದು ಕಿಟಕಿಗೆ ಹಳೆಯ ಕಂಬಳಿ ಇಳಿಬಿಟ್ಟು, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ನನ್ನನ್ನು ಮಲಗಿಸಿದ್ದರು. ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ಲೇಹ್ಯ, ಗುಟುಕು ಗುಟುಕಾಗಿ ಸಿಗುವ ಬಿಸಿನೀರು, ಎಲ್ಲವೂ ಅತ್ತೆಯ ಕೈಯಿಂದಲೇ ಬರಬೇಕು. ಮಾತ್ರೆಯೂ ಅಷ್ಟೆ. ಸಾಂಬ್ರಾಣಿ ಹೊಗೆಗೆ ಕಣ್ಣು ಉರಿಯುತ್ತಿರುವಾಗ ಅವರು "ಬಾಯ್ ತಗಿ" ಎನ್ನುತ್ತಿದ್ದರು. ನಾನು ತೆಗೆಯುತ್ತಿದ್ದೆ.

ಅದು ಯಾವ ಮಾತ್ರೆ ಎಂದು ಹೇಳಬೇಕಾದರೆ ಮೊದಲು ನನ್ನ ಗಂಡನ ಸುದ್ದಿ ಹೇಳಬೇಕು. ಅವರದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ಪಕ್ಕದಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿ. ಮದುವೆಯಾದ ಎರಡನೇ ವರ್ಷ ಹರ್ನಿಯಾ ಆಪರೇಷನ್ನಿಗೆ ಮುಂಚೆ ರಕ್ತಪರೀಕ್ಷೆ ಮಾಡಿದಾಗ ಅವರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ನನಗೂ ಪರೀಕ್ಷೆ ಮಾಡಿದರು. ನನಗೆ ಇರಲಿಲ್ಲ. "ಇದು ಮದುವೆಗೆ ಮುಂಚಿನದು, ನಂಗೇ ಗೊತ್ತಿರ್ಲಿಲ್ಲ ಕಣೇ" ಎಂದು ಅವರು ಅತ್ತರು. ನಾನು ಅಳಲಿಲ್ಲ, ಅವರಿಗೆ ಹೊಡೆದೆ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ, ಹೆಲ್ಮೆಟ್ ಹಾಕಿಕೊಂಡಿದ್ದವರ ಬೆನ್ನಿಗೆ ಕೈ ನೋಯುವ ತನಕ ಹೊಡೆದೆ. ಸೆಕ್ಯೂರಿಟಿಯವರು ಓಡಿ ಬಂದು "ಮೇಡಂ, ಮೇಡಂ" ಎಂದಾಗಲೇ ನಿಲ್ಲಿಸಿದ್ದು.

ಬಿಟ್ಟು ಹೋಗಲಿಲ್ಲ ಏಕೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅವರು ಒಳ್ಳೆಯವರು ಎಂಬುದು ಒಂದು ಕಾರಣ. ಬಿಟ್ಟು ಹೋದರೆ ಕಾರಣ ಹೇಳಬೇಕಾಗುತ್ತದೆ ಎಂಬುದು ಇನ್ನೊಂದು. ಕಾರಣ ಹೇಳಿದರೆ ವಿಜಯನಗರದ ಅಣ್ಣನ ಮನೆಯಲ್ಲಿ ನನ್ನ ತಟ್ಟೆಯನ್ನೂ ಬೇರೆ ಇಡುತ್ತಾರೆಂದು ನನಗೆ ಖಂಡಿತ ಗೊತ್ತಿತ್ತು. ಅವರು ಮಾತ್ರೆ ಶುರುಮಾಡಿದರು, ಮೈ ತುಂಬಿಕೊಂಡರು, ಮೊದಲಿನಂತೆ ಅಂಗಡಿಗೆ ಹೋಗಿಬಂದರು. ವಿಷಯ ನಮ್ಮಿಬ್ಬರ ನಡುವೆಯೇ ಉಳಿಯಿತು.

ಅತ್ತೆಗೆ ಇದಾವುದೂ ತಿಳಿಯದು. ಕೆಂಗೇರಿ ಕಡೆಯ ಹಳ್ಳಿಯವರು, ಹೊಲಗಳೆಲ್ಲ ಸೈಟುಗಳಾದ ಮೇಲೆ ಮಾವ ಈ ಮನೆ ಕಟ್ಟಿಸಿ ತೀರಿಹೋಗಿದ್ದರು. ಇಡೀ ಮನೆ ಅತ್ತೆಯ ಸೊಂಟದ ಬೀಗದ ಕೈಯಲ್ಲಿ ನಡೆಯುತ್ತಿತ್ತು. ಮಕ್ಕಳು ಇಬ್ಬರೇ. ನನ್ನ ಗಂಡ, ಮತ್ತೆ ಮಹಾಲಕ್ಷ್ಮಿ ಲೇಔಟ್‌ಗೆ ಮದುವೆಯಾಗಿ ಹೋಗಿದ್ದ ನಾದಿನಿ. ನಾದಿನಿಗೆ ಎಷ್ಟೋ ವರ್ಷವಾದರೂ ಮಕ್ಕಳಾಗಿರಲಿಲ್ಲ. ಮಗಳ ಹೊಟ್ಟೆ ನೋಡಿ ನೋಡಿ ಸಾಕಾಗಿ ಅತ್ತೆ ನನ್ನ ಹೊಟ್ಟೆಯ ಕಡೆ ತಿರುಗಿದ್ದರು. ಪ್ರತಿ ತಿಂಗಳೂ ನಾನು ತಲೆಗೆ ನೀರು ಹಾಕಿಕೊಂಡ ದಿನ ಅವರ ಮುಖ ಬಾಡಿಹೋಗುತ್ತಿತ್ತು.

ನನಗೂ ಮಗು ಬೇಕಿತ್ತು. ಅತ್ತೆಗಾಗಿ ಅಲ್ಲ, ನನಗಾಗಿ. ಗಂಡನಿಗೆ ಮಾತ್ರೆ ಬರೆಯುತ್ತಿದ್ದ ಲೇಡಿ ಡಾಕ್ಟರ ಮುಂದೆ ಕೂತು ನಾನೇ ಬಾಯಿಬಿಟ್ಟು ಕೇಳಿದೆ. ಅವರು ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಆಗತ್ತಮ್ಮ, ಯಾಕಾಗಲ್ಲ? ಮೊದಲು ನಿಮ್ಮ ಯಜಮಾನ್ರ ರಕ್ತದಲ್ಲಿ ವೈರಸ್ ಲೆಕ್ಕಕ್ಕೇ ಸಿಗದಷ್ಟು ಕಮ್ಮಿಯಾಗಿ, ಹಾಗೇ ಕೆಲವು ತಿಂಗಳು ನಿಲ್ಲಬೇಕು. ಅಷ್ಟಾದ್ರೆ ನಿಮಗೆ ಬರಲ್ಲ. ಆದ್ರೂ ನಿಮಗೂ ಒಂದು ಮಾತ್ರೆ ಕೊಡ್ತೀನಿ. ಇದು ಕಾಯಿಲೆಗಲ್ಲ, ಕಾಯಿಲೆ ಬರದೇ ಇರೋದಕ್ಕೆ. ಬಸುರಿಯಾಗೋಕೆ ಮುಂಚೆ ಶುರುಮಾಡಿ. ಬಸುರಲ್ಲೂ ತಗೋಬಹುದು, ಹಾಲು ಕುಡಿಸೋವಾಗ್ಲೂ ತಗೋಬಹುದು, ಮಗುಗೆ ಏನೂ ಆಗಲ್ಲ. ದಿನಾ ತಗೋಬೇಕು ಅಷ್ಟೆ. ಬಾಗಿಲಿಗೆ ಎರಡು ಬೀಗ ಅಂದ್ಕೊಳ್ಳಿ. ಒಂದು ಅವರ ಕೈಲಿ, ಒಂದು ನಿಮ್ಮ ಕೈಲಿ."

"ಅವರ ಬೀಗ ಗಟ್ಟಿಯಿದ್ರೆ ನಂದು ಯಾಕೆ ಮೇಡಂ?" ಎಂದೆ. ಗಂಡ ಪಕ್ಕದಲ್ಲಿ ನೆಲ ನೋಡುತ್ತಿದ್ದರು.

ಡಾಕ್ಟರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಬಸುರಲ್ಲೋ ಹಾಲು ಕುಡಿಸೋವಾಗ್ಲೋ ನಿಮಗೆ ಹೊಸದಾಗಿ ಸೋಂಕು ತಗುಲಿದ್ರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಹೊಸ ಸೋಂಕಲ್ಲಿ ವೈರಸ್ ಮೈತುಂಬಾ ಇರತ್ತೆ, ಹಾಲಲ್ಲೂ ಇರತ್ತೆ. ನಿಮಗೆ ಗೊತ್ತಾಗೋ ಹೊತ್ತಿಗೆ ಮಗುಗೆ ದಾಟಿಬಿಟ್ಟಿರಬಹುದು."

ಅವರ ರಕ್ತದಲ್ಲಿ ವೈರಸ್ ಅಡಗಿ ಕೆಲವು ತಿಂಗಳಾದ ಮೇಲೆ ನಾನು ಮಾತ್ರೆ ಶುರುಮಾಡಿದೆ. ಬಿಳಿ ಬಣ್ಣದ, ಉದ್ದನೆಯ, ಗಂಟಲಿಗೆ ಸಿಕ್ಕಿಕೊಳ್ಳುವಂಥ ಮಾತ್ರೆ. ಶುರುವಿನಲ್ಲಿ ಹೊಟ್ಟೆ ತೊಳಸುತ್ತಿತ್ತು. ದೋಸೆಯ ವಾಸನೆಗೂ ವಾಕರಿಕೆ ಬರುತ್ತಿತ್ತು. ಕೆಲವು ವಾರಗಳಲ್ಲಿ ಅದು ತಾನಾಗಿ ನಿಂತಿತು. ಮಾತ್ರೆಯ ಡಬ್ಬಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹಾಕಿದರೆ ಎಲ್ಲ ಬಯಲಾಗುತ್ತದೆ, ನಾದಿನಿ ಅಂಥದ್ದರಲ್ಲಿ ಬಹಳ ಚುರುಕು. ಹಾಗಾಗಿ ಒಂದು ಖಾಲಿ ಕ್ಯಾಲ್ಸಿಯಂ ಡಬ್ಬಿಗೆ ಸುರಿದಿಟ್ಟುಕೊಂಡೆ. ಅತ್ತೆ ಕಂಡು ಕೇಳಿದಾಗ ನನ್ನ ಗಂಡ ಥಟ್ಟನೆ, "ಮಗು ಆಗೋಕೆ ಡಾಕ್ಟ್ರು ಕೊಟ್ಟಿರೋ ಮಾತ್ರೆ ಕಣಮ್ಮ" ಎಂದರು. ಆಮೇಲೆ ಕೋಣೆಗೆ ಬಂದು, "ಸುಳ್ಳೇನೂ ಅಲ್ವಲ್ಲ?" ಎಂದು ನಕ್ಕರು. ನಾನೂ ನಕ್ಕೆ. ಇಂಥ ಮನೆಯಲ್ಲಿ ಅರ್ಧ ನಿಜ ಹೇಳಿಕೊಂಡು ಬದುಕುವುದನ್ನು ನಾವು ಚೆನ್ನಾಗಿ ಕಲಿತಿದ್ದೆವು.

ನಾನು ಬೇಗನೆ ಬಸುರಿಯಾದೆ. ಅತ್ತೆಯ ಸಂತೋಷ ಹೇಳತೀರದು. ಮಾತ್ರೆ ತೆಗೆದುಕೊಂಡು ಕೆಲವೇ ತಿಂಗಳಿಗೆ ನಿಂತ ಬಸುರು ಎಂಬುದು ಅವರ ತಲೆಯಲ್ಲಿ ಚೆನ್ನಾಗಿ ಕೂತಿತು. ಅದು ಕೂತಿರುವುದು ಆಗ ನನಗೆ ಹೊಳೆಯಲಿಲ್ಲ. ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು, ಹೆರಿಗೆಯೂ ಸರಾಗವಾಯಿತು. ಹೆಣ್ಣು ಮಗು. ಹುಟ್ಟಿದ ಕೂಡಲೇ ಮೊಲೆಗೆ ಬಾಯಿ ಹಾಕಿ ಎಳೆದ ರಭಸಕ್ಕೆ ನರ್ಸ್ ನಕ್ಕು, "ಹೊಟ್ಟೆಬಾಕಿ ಮೇಡಂ ನಿಮ್ಮ ಮಗಳು" ಎಂದಳು.

ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು ವಾಡಿಕೆ. ನನ್ನ ಅಮ್ಮ ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದರಿಂದ ಅತ್ತೆಯೇ ಮಾಡಿದರು. ಚೆನ್ನಾಗಿಯೇ ಮಾಡಿದರು, ಅದನ್ನು ಇಲ್ಲವೆನ್ನಲಾರೆ. ನನ್ನ ಸೊಂಟಕ್ಕೆ ಅವರು ತಿಕ್ಕಿದಷ್ಟು ಎಣ್ಣೆಯನ್ನು ಹೆತ್ತ ತಾಯಿಯೂ ತಿಕ್ಕುತ್ತಿದ್ದಳೋ ಇಲ್ಲವೋ. ಆದರೆ ಅವರ ಬಾಣಂತನದಲ್ಲಿ ಬಾಣಂತಿಗೆ ಬಾಯಿ ಮಾತ್ರ ಇರಬೇಕು, ಕೈ ಇರಬಾರದು. ನನ್ನ ಕ್ಯಾಲ್ಸಿಯಂ ಡಬ್ಬಿ ಮೊದಲ ದಿನವೇ ಅಡುಗೆಮನೆಯ ಶೆಲ್ಫ್‌ಗೆ ಹೋಯಿತು. ಹೆರಿಗೆ ಡಾಕ್ಟರು ಬರೆದುಕೊಟ್ಟಿದ್ದ ನಿಜವಾದ ಕ್ಯಾಲ್ಸಿಯಂ ಸ್ಟ್ರಿಪ್‌ಗಳೂ ಅಲ್ಲೇ ಇದ್ದವು. "ಅತ್ತೆ, ಡಬ್ಬೀಲಿರೋ ಮಾತ್ರೆ ಮಾತ್ರ ಒಂದಿನಾನೂ ತಪ್ಪಬಾರದು" ಎಂದಿದ್ದೆ. "ಮಗು ಆಯ್ತಲ್ಲವ್ವ, ಇನ್ಯಾಕದು?" ಎಂದರು. "ಡಾಕ್ಟ್ರು ಹೇಳಿದಾರೆ" ಎಂದೆ. ಅತ್ತೆ ನನ್ನನ್ನೇ ಒಂದು ಕ್ಷಣ ನೋಡಿ, "ಆಯ್ತು ಬಿಡು" ಎಂದರು.

ಆ ನೋಟ ನನಗೆ ಇಷ್ಟವಾಗಲಿಲ್ಲ. ಏನೋ ಲೆಕ್ಕ ಹಾಕುವವರ ನೋಟ ಅದು. ಆಮೇಲೆ ಮನೆಯಲ್ಲಿ ಸಣ್ಣಸಣ್ಣದು ಬದಲಾಗತೊಡಗಿತು. ನಾದಿನಿ ಅಪರೂಪಕ್ಕೆ ಬರುತ್ತಿದ್ದವಳು ಪದೇಪದೇ ಬರತೊಡಗಿದಳು. ಮಗು ನೋಡಲು ಎಂದು ಬಂದವಳು ಮಗುವಿನ ಹತ್ತಿರ ಸ್ವಲ್ಪ ಹೊತ್ತು ಕೂತು ಅಡುಗೆಮನೆಗೆ ಹೋಗುತ್ತಿದ್ದಳು. ಅಲ್ಲಿ ತಾಯಿ ಮಗಳು ಗುಸುಗುಸು ಮಾತಾಡುವುದು ಕೇಳಿಸುತ್ತಿತ್ತು. ನಾನು ಕೆಮ್ಮಿದರೆ ಅದು ನಿಂತುಹೋಗುತ್ತಿತ್ತು. ಕಂಬಳಿ ಕಟ್ಟಿದ ಕತ್ತಲಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದವಳಿಗೆ ನಿಂತುಹೋದ ಮಾತೇ ಹೆಚ್ಚು ಗಟ್ಟಿಯಾಗಿ ಕೇಳುತ್ತದೆ. ನನ್ನ ಮೈಬಣ್ಣವನ್ನೋ ಹೆಣ್ಣು ಹೆತ್ತಿದ್ದನ್ನೋ ಆಡಿಕೊಳ್ಳುತ್ತಿರಬೇಕು ಎಂದುಕೊಂಡು ಒಳಗೇ ಕುದಿಯುತ್ತಿದ್ದೆ.

ಮೂರು ತಿಂಗಳು ತುಂಬಿದ ಮೇಲೆ ಕಂಬಳಿ ತೆಗೆದರು. ಅಲ್ಲಿಯವರೆಗೆ ಹಾಲ್‌ನಲ್ಲಿ ಮಲಗುತ್ತಿದ್ದ ನನ್ನ ಗಂಡ ಕೋಣೆಗೆ ಬಂದರು. ಲೇಹ್ಯ ಮತ್ತು ಮಾತ್ರೆ ಕೊಡುವ ಅತ್ತೆಯ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ನಾನು ಹಾಲು ಕುಡಿಸುತ್ತ ಕೂತಿರುವಾಗಲೇ ಬಂದು ಬಾಯಿಗೆ ಹಾಕಿ ನೀರು ಹಿಡಿಯುತ್ತಿದ್ದರು. ಎರಡೂ ಕೈಯಲ್ಲಿ ಮಗು, ನಾನು ನುಂಗುತ್ತಿದ್ದೆ. ಇಷ್ಟು ನೋಡಿಕೊಳ್ಳುವ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ಗಂಡನ ಮುಂದೆ ಹೊಗಳಿಯೂ ಇದ್ದೆ.

ನಮ್ಮ ಕೋಣೆಯ ಮಾತನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಎಷ್ಟೋ ತಿಂಗಳ ಮೇಲೆ ಗಂಡ ಹೆಂಡತಿ ಒಂದಾಗಿದ್ದೆವು. ಅವರದು ಅಡಗಿದೆ, ನನ್ನ ಮಾತ್ರೆ ನಡೆಯುತ್ತಿದೆ, ಇನ್ನು ಹೆದರಿಕೆ ಯಾತರದು ಎಂದು ನಾವು ಬೇರೆ ಎಚ್ಚರಿಕೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಮಗುವಿಗೆ ಐದನೇ ತಿಂಗಳು ನಡೆಯುವಾಗ ಡಾಕ್ಟರಿಂದ ಫೋನ್ ಬಂತು. ಇಬ್ಬರೂ ಬನ್ನಿ ಎಂದರು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೋದೆವು. ನನ್ನ ಗಂಡ ಪ್ರತಿ ಸಲದಂತೆ ಪರೀಕ್ಷೆಗೆ ಕೊಟ್ಟಿದ್ದ ರಕ್ತದಲ್ಲಿ ವೈರಸ್ ಮತ್ತೆ ತಲೆಯೆತ್ತಿತ್ತು, ಅದೂ ಸ್ವಲ್ಪವಲ್ಲ. ಡಾಕ್ಟರು ಕೇಳಿದಾಗ ಅವರ ಬಾಯಿಂದ ಒಂದೊಂದೇ ಹೊರಬಿತ್ತು. ಅಮ್ಮನ ಕಣ್ಣಿಗೆ ಬೀಳಬಾರದೆಂದು ಅವರು ತಮ್ಮ ಮಾತ್ರೆಯನ್ನು ಅಂಗಡಿಯ ಡ್ರಾಯರ್‌ನಲ್ಲಿಟ್ಟು ಮಧ್ಯಾಹ್ನದ ಊಟದ ಜೊತೆ ನುಂಗುತ್ತಿದ್ದರು. ಅಂಗಡಿಯಿದ್ದ ಬಾಡಿಗೆ ಕಟ್ಟಡದ ಮಾಲೀಕರು ನೆಲ ಅಗೆಸಿ ಪೈಪ್ ಹಾಕಿಸಲು ಬಹಳ ದಿನ ಬೀಗ ಹಾಕಿಸಿದ್ದರು. ಮಾತ್ರೆ ಒಳಗೇ ಉಳಿಯಿತು. ಮನೆಗೆ ತಂದಿಟ್ಟುಕೊಳ್ಳಲು ಹೆದರಿ, ಮೈಗೆ ಏನೂ ಆಗಿಲ್ಲವಲ್ಲ ಎಂದು ಸುಮ್ಮನಿದ್ದರು. ಅಂಗಡಿ ತೆರೆದ ಮೇಲೂ ಒಂದು ದಿನ ನುಂಗಿ ಒಂದು ದಿನ ಮರೆತು ಕಾಲ ತಳ್ಳಿದ್ದರು.

ನನ್ನ ಮೈಯೆಲ್ಲ ಬೆಂಕಿಯಾಯಿತು. ಡಾಕ್ಟರು ನನ್ನ ಕಡೆ ತಿರುಗಿ, "ನೀವು ನಿಮ್ಮ ಮಾತ್ರೆ ಬಿಟ್ಟಿಲ್ಲ ತಾನೇ?" ಎಂದರು.

"ಒಂದಿನಾನೂ ಬಿಟ್ಟಿಲ್ಲ ಮೇಡಂ. ನಮ್ಮತ್ತೇನೇ ಕೈಯಾರೆ ಕೊಡ್ತಾರೆ."

"ಅದೇ ನಿಮ್ಮನ್ನ ಕಾದಿದೆ" ಎಂದರು. ನನ್ನ ರಕ್ತ ತೆಗೆದು ನೋಡಿದರು. ಸೋಂಕು ಕಾಣಲಿಲ್ಲ. ಗಂಡನಿಗೆ ಚೆನ್ನಾಗಿ ಬೈದು, ಅವರ ವೈರಸ್ ಅಡಗುವ ತನಕ ಕಾಂಡೋಮ್ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು. ಡಾ. ರಾಜ್‌ಕುಮಾರ್ ರಸ್ತೆಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತಿದ್ದ ನನಗೆ ಗಂಡನ ಮೇಲೆ ಸಿಟ್ಟು ಉಕ್ಕುತ್ತಿತ್ತು. ನನ್ನ ಮೇಲೆ ಮಾತ್ರ ಬಹಳ ಹೆಮ್ಮೆಯಾಗುತ್ತಿತ್ತು. ಮನೆಗೆ ಬಂದವಳೇ ಮಗುವನ್ನು ಎತ್ತಿಕೊಂಡು ಹಾಲು ಕುಡಿಸಿದೆ. ಹಸಿದಿದ್ದಳು, ಎರಡೂ ಕಡೆ ಕುಡಿದಳು.

ಮರುದಿನ ಮಧ್ಯಾಹ್ನ ನಾದಿನಿ ಬಂದಳು. ಅತ್ತೆ ಮಹಡಿಯಲ್ಲಿ ಹಪ್ಪಳ ಒಣಹಾಕುತ್ತಿದ್ದರು. ನಾನು ಮಗುವಿಗೆ ಹಾಲು ಕೊಡುತ್ತ ಮಂಚದ ಮೇಲೆ ಕೂತಿದ್ದೆ. ನಾದಿನಿ ಪಕ್ಕದಲ್ಲಿ ಕೂತು ಮಗುವಿನ ಕಾಲು ಸವರುತ್ತ, ಹೇಳಲೋ ಬೇಡವೋ ಎನ್ನುವಂತೆ ಮೆಲ್ಲಗೆ ಕೇಳಿದಳು.

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಆ ಮಾತ್ರೆ ತಗೊಂಡ್ರೆ ನಂಗೆ ವಾಂತಿ ಬರೋ ಹಾಗಾಗುತ್ತೆ. ನಿಮ್ಗೂ ಶುರೂನಲ್ಲಿ ಹಂಗೇ ಆಗ್ತಿತ್ತಾ?"

"ಯಾವ ಮಾತ್ರೆ?"

"ಅದೇ, ನಿಮ್ಮ ಮಗು ಆಗೋ ಮಾತ್ರೆ. ಅಮ್ಮ ಕೊಟ್ಟಿದ್ದು." ನನ್ನ ಮುಖ ನೋಡಿ ಅವಳ ದನಿ ತಗ್ಗಿತು. "ನಿಮ್ಗೆ ಹೇಳೇ ಕೊಡ್ತಿದೀನಿ ಅಂದ್ರು ಅಮ್ಮ. ನಿಮ್ಗೆ ಮಗು ಆಗಿದೆ, ಇನ್ನೇನೂ ಬೇಡ, ಹಾಲಿಗೆ ಕ್ಯಾಲ್ಸಿಯಂ ಕೊಟ್ರೆ ಸಾಕು ಅಂತ... ಹೇಳಿಲ್ವಾ?"

ಮಗು ಎದೆಗೆ ಕಚ್ಚಿಕೊಂಡಿತ್ತು. ಅದರ ಗಂಟಲು ಗುಟುಕ್ ಗುಟುಕ್ ಎನ್ನುವುದು ಕಾಣುತ್ತಿತ್ತು. ಒಂದೊಂದು ಗುಟುಕಿಗೂ ನನ್ನ ಮೈ ತಣ್ಣಗಾಗುತ್ತ ಹೋಯಿತು. ಬೆರಳು ಹಾಕಿ ಬಾಯಿ ಬಿಡಿಸಿದೆ. ಬಿಡಿಸಿದ್ದಕ್ಕೆ ಅದು ಕಿರುಚಿಕೊಂಡಿತು. ನಾದಿನಿಯ ಮಡಿಲಿಗೆ ಹಾಕಿ ಅಡುಗೆಮನೆಗೆ ಓಡಿದೆ. ಡಬ್ಬಿಯನ್ನು ಬೆಳಕಿಗೆ ಸುರಿದು ನೋಡಿದರೆ ಎಲ್ಲವೂ ಬಿಳಿ, ಎಲ್ಲವೂ ಉದ್ದ, ಒಂದರ ಮೇಲೂ ನನ್ನ ಮಾತ್ರೆಯಲ್ಲಿ ಕೆತ್ತಿರುವ ಅಕ್ಷರಗಳಿಲ್ಲ. ನನ್ನ ಗಂಡ ತಿಂಗಳು ತಿಂಗಳೂ ತಂದು ಡಬ್ಬಿಗೆ ತುಂಬುತ್ತಿದ್ದುದೆಲ್ಲ ಮಹಾಲಕ್ಷ್ಮಿ ಲೇಔಟ್‌ಗೆ ಹೋಗಿತ್ತು. ಡಬ್ಬಿ ಬರಿದಾದದ್ದು ಕಾಣಬಾರದೆಂದು ಅತ್ತೆ ಸ್ಟ್ರಿಪ್‌ನಿಂದ ಕ್ಯಾಲ್ಸಿಯಂ ಬಿಡಿಸಿ ತುಂಬಿಟ್ಟಿದ್ದರು. ಒಂದು ದಿನವೂ ತಪ್ಪದ ಹಾಗೆ ನನಗೆ ಅದನ್ನೇ ಕೊಟ್ಟಿದ್ದರು.

ಅತ್ತೆಯನ್ನು ಆಗಲೇ ಹಿಡಿದು ಜಗ್ಗಾಡಬೇಕು ಎನಿಸಿತು. ಆದರೆ ಏನೆಂದು ಕೇಳಲಿ? ಕೇಳಿದರೆ ಅದು ಯಾವ ಮಾತ್ರೆ ಎಂದು ಹೇಳಬೇಕು. ನಾದಿನಿಗೆ, "ಅದನ್ನ ಇನ್ನು ತಗೋಬೇಡ, ನಾನು ಡಾಕ್ಟ್ರನ್ನ ಕೇಳಿ ಹೇಳ್ತೀನಿ" ಎಂದಷ್ಟೇ ಹೇಳಿ, ಮಗುವನ್ನು ಎತ್ತಿಕೊಂಡು ಆಟೋ ಹತ್ತಿದೆ. ಗಂಡನಿಗೆ ಫೋನ್ ಮಾಡಿ ಅಲ್ಲಿಗೇ ಬರಲು ಹೇಳಿದೆ. ದಾರಿಯುದ್ದಕ್ಕೂ ಮಗು ನನ್ನ ರವಿಕೆಗೆ ಮೂತಿ ಉಜ್ಜಿತು. ನಾನು ಅದರ ಮುಖವನ್ನು ಹೆಗಲಿನ ಕಡೆಗೆ ತಿರುಗಿಸುತ್ತಲೇ ಇದ್ದೆ.

ಡಾಕ್ಟರು ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. "ನಿನ್ನೆ ಮಾಡಿದ ಪರೀಕ್ಷೆಯನ್ನ ನಂಬೋ ಹಾಗಿಲ್ಲ. ತೀರ ಹೊಸ ಸೋಂಕು ಅದ್ರಲ್ಲಿ ಕಾಣಲ್ಲ. ನೀವಿಬ್ರೂ ಕೊನೆ ಸಲ ಸೇರಿದ್ದು ಯಾವಾಗ?"

ಹೇಳಿದೆ. ಮೂರು ದಿನ ದಾಟಿರಲಿಲ್ಲ.

"ಮೂರು ದಿನದೊಳಗಾದ್ರೆ ತಡೆಯೋಕೆ ಔಷಧಿ ಇದೆ, ಇವತ್ತೇ ಶುರುಮಾಡೋಣ. ಒಂದು ತಿಂಗಳು ತಗೊಳ್ಳಿ. ಆದ್ರೆ ಅದಕ್ಕೂ ಮುಂಚಿನ ದಿನಗಳಿಗೆ ನಾನೇನೂ ಮಾಡಕ್ಕಾಗಲ್ಲ. ಕಾಯ್ಬೇಕು. ಮಗುಗೂ ಹನಿ ಔಷಧಿ ಕೊಡ್ತೀನಿ." ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟರು. "ಹಾಲು ನಿಲ್ಲಿಸ್ಬೇಕಮ್ಮ. ಇವತ್ತಿಂದ್ಲೇ. ಪರೀಕ್ಷೆಗಳೆಲ್ಲ ಮುಗಿದು ಸರಿ ಇದೆ ಅಂತ ಖಾತ್ರಿಯಾಗೋವರೆಗೂ ಕೊಡ್ಬೇಡಿ. ಹಿಂಡಿ ಚೆಲ್ತಾ ಇರಿ, ಹಾಗಾದ್ರೆ ಬತ್ತಿಹೋಗಲ್ಲ. ನಿಮ್ಮ ನಾದಿನೀಗೆ ಆ ಮಾತ್ರೆಯಿಂದ ದೊಡ್ಡ ತೊಂದ್ರೆ ಏನಾಗಲ್ಲ, ಆದ್ರೂ ಕರ್ಕೊಂಡ್ಬನ್ನಿ, ಒಂದ್ಸಲ ನೋಡ್ತೀನಿ."

ಹೊರಗೆ ಬಂದಾಗ ಗಂಡ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರು. ನಾನು ಕೊಡಲಿಲ್ಲ. ನಮ್ಮ ಮದುವೆಯಲ್ಲಿ ಅವರನ್ನು ನಿಜವಾಗಿ ದ್ವೇಷಿಸಿದ್ದು ಆ ಒಂದು ಹೊತ್ತಿನಲ್ಲಿ.

ಮನೆಯಲ್ಲಿ, ನನಗೆ ಜ್ವರಕ್ಕೆ ಬಲವಾದ ಔಷಧಿ ಕೊಟ್ಟಿದ್ದಾರೆ, ಹಾಲು ಕುಡಿಸಬಾರದಂತೆ ಎಂದೆವು. ಡಬ್ಬಿ ಹಾಲಿನ ಪುಡಿ ತಂದೆವು. ಮಗು ಬಾಟಲಿಯ ನಿಪ್ಪಲ್ಲನ್ನು ನಾಲಗೆಯಿಂದ ಆಚೆಗೆ ನೂಕುತ್ತಿತ್ತು. ನನ್ನ ವಾಸನೆ ಬಂದರೆ ಸಾಕು, ಕುತ್ತಿಗೆ ತಿರುಗಿಸಿ ಹುಡುಕುತ್ತಿತ್ತು. ಅದು ಅತ್ತರೆ ನನ್ನ ಎದೆಯಿಂದ ಹಾಲು ತಾನಾಗಿ ಸುರಿದು ರವಿಕೆ ತೊಯ್ದುಹೋಗುತ್ತಿತ್ತು. ಕೊನೆಗೆ ಮಗು ಬಾಟಲಿ ಕುಡಿಯಬೇಕಾದರೆ ನಾನು ಆ ಕೋಣೆಯಲ್ಲಿ ಇರಬಾರದು ಎಂದಾಯಿತು. ಅತ್ತೆ ಮಗುವನ್ನು ಎತ್ತಿಕೊಂಡು ಹಾಲ್‌ಗೆ ಹೋಗುತ್ತಿದ್ದರು. ನಾನು ಬಚ್ಚಲಲ್ಲಿ ನಿಂತು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಎದೆಹಾಲನ್ನು ಯಾರೂ ತುಳಿಯುವ ಕಡೆ ಚೆಲ್ಲಬಾರದು ಎಂಬುದು ನಮ್ಮಲ್ಲಿ ನಂಬಿಕೆ. ಸಿಟ್ಟೆಷ್ಟಿದ್ದರೂ ಅದನ್ನು ಮೀರಲು ನನಗೆ ಮನಸ್ಸು ಬರಲಿಲ್ಲ. ಬಟ್ಟಲಿಗೆ ಹಿಂಡಿಕೊಂಡು ಹಿತ್ತಿಲಿನ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದೆ. ಕಟ್ಟಿಕೊಂಡು ಕಲ್ಲಾಗಿದ್ದ ಎದೆಯನ್ನು ಹಿಂಡುವ ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ಬೆಳಿಗ್ಗೆ ಹಾಗೆ ಸುರಿಯುವಾಗ ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಅತ್ತೆ. ಸೊಂಟದ ಮೇಲೆ ಅಳುವ ಮಗು.

"ಹಾಲು ಇಟ್ಕೊಂಡು ಕೂಸ್ನ ಹಿಂಗೆ ಅಳಿಸ್ತಿದೀಯಲ್ಲೇ, ನೀನೊಂದು ತಾಯೇನೇ? ಜ್ವರ ಅಂತೆ ಜ್ವರ! ಎಲ್ಲೈತೆ ನಿಂಗೆ ಜ್ವರ? ಮೈ ಕೆಡುತ್ತೆ ಅಂತ ಬಿಡಿಸ್ತಾವ್ಳೆ."

ಬಾಯಿಗೆ ಹಾಕಿದ್ದ ಬೀಗ ಕಿತ್ತುಹೋಯಿತು. ಬಟ್ಟಲನ್ನು ಕಲ್ಲಿನ ಮೇಲೆ ಕುಕ್ಕಿ ಎಲ್ಲ ಹೇಳಿದೆ. ಅವರ ಮಗನಿಗೆ ಏನಿದೆ ಎಂದು ಹೇಳಿದೆ. ಆ ಮಾತ್ರೆ ಯಾತಕ್ಕೆ ಎಂದು ಹೇಳಿದೆ. ಅದನ್ನು ನನ್ನ ಬಾಯಿಂದ ತಪ್ಪಿಸಿ ಅವರು ಏನು ಮಾಡಿದ್ದಾರೆ, ಈ ಬಟ್ಟಲಿನಲ್ಲಿ ಏನಿರಬಹುದು, ಮಗುವಿನ ಮೈಗೆ ಏನು ಹೋಗಿರಬಹುದು, ಎಲ್ಲವನ್ನೂ ಗಂಟಲು ಹರಿಯುವ ತನಕ ಹೇಳಿದೆ.

ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖ ಕಪ್ಪಿಟ್ಟಿತು. ಅವರ ಬಾಯಿಂದ ಬಂದ ಮೊದಲ ಮಾತು, "ಅಂಗಾದ್ರೆ ನನ್ ಮಗ್ಳು? ಅವ್ಳು ಆ ಮಾತ್ರೆ ನುಂಗವ್ಳಲ್ಲ, ಅವ್ಳಿಗೂ ಬಂದ್ಬಿಡ್ತಾ?" ಎಂದು.

ನಾನು ನಕ್ಕೆ. ಅಷ್ಟು ಕೆಟ್ಟದಾಗಿ ನಾನು ಎಂದೂ ನಕ್ಕಿರಲಿಲ್ಲ. "ಇಲ್ಲ ಅತ್ತೆ. ನಿಮ್ಮ ಮಗಳು ಬೆಚ್ಚಗಿದಾಳೆ. ಈ ಮನೇಲಿ ಯಾರಾದ್ರೂ ಆ ಮಾತ್ರೆ ಸರಿಯಾಗಿ ತಗೊಂಡಿದ್ರೆ ಅವಳೊಬ್ಬಳೇ."

ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಇದು ನಿನ್ ಕಡೆಯಿಂದ ಬಂದದ್ದಲ್ಲ ತಾನೇ?" ಎಂದರು. ನಾನು ಮಗುವನ್ನು ಕಿತ್ತುಕೊಂಡು ಒಳಗೆ ಹೋದೆ. ಒಳಗೆ ಹೋದ ಮೇಲೆ ಅದು ನನ್ನ ಎದೆ ಹುಡುಕಿ ಅಳತೊಡಗಿತು, ನಾನೇ ವಾಪಸ್ಸು ಬಂದು ಅವರ ಕೈಗೆ ಕೊಡಬೇಕಾಯಿತು. ಆ ಅವಮಾನವನ್ನು ನಾನು ಸಾಯುವವರೆಗೆ ಮರೆಯಲಾರೆ.

ಆಮೇಲಿನ ವಾರಗಳಲ್ಲಿ ಮನೆ ಸತ್ತ ಮನೆಯಂತಿತ್ತು. ಅತ್ತೆ ಜಗಳವಾಡಲಿಲ್ಲ, ಅಳಲಿಲ್ಲ. ಮಗನಿಗೆ ಬೇರೆ ಲೋಟ ಇಟ್ಟರು. ಆಮೇಲೆ ನನಗೂ ಇಟ್ಟರು. ನಾನು ಆ ಲೋಟದಲ್ಲೇ ಎದುರಿಗೆ ನಿಂತು ಕಾಫಿ ಕುಡಿದೆ. ನಾದಿನಿಯನ್ನು ಏನೋ ನೆಪ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದೆ. ಅವಳಿಗೆ ಏನೂ ಇರಲಿಲ್ಲ. ನಿಜ ಏನೆಂದು ಅವಳಿಗೆ ಹೇಳಬಾರದೆಂದು ಅತ್ತೆ ದೇವರ ಮನೆಯ ಮುಂದೆ ನನ್ನಿಂದ ಮಾತು ತೆಗೆದುಕೊಂಡರು. ಆದರೆ ಮಗುವನ್ನು ಮಾತ್ರ ಅವರು ಕೆಳಗಿಳಿಸಲಿಲ್ಲ. ಒಡಲಲ್ಲಿ ಏನಿದೆಯೋ ಎಂದು ಗೊತ್ತಿಲ್ಲದ ಆ ಕೂಸನ್ನು ಎದೆಗೊತ್ತಿಕೊಂಡು, ಬಾಟಲಿ ಹಿಡಿದು, ಹಾಲ್‌ನ ಮೂಲೆಯಲ್ಲಿ ಇಡೀ ದಿನ ಕೂತಿರುತ್ತಿದ್ದರು. ಅದನ್ನು ನೋಡಿದಾಗ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಹೊಟ್ಟೆಕಿಚ್ಚಾಯಿತು.

ನನಗೆ ಸಣ್ಣ ಗಂಟಲುನೋವು ಬಂದರೂ ಅದೇ ಎಂದು ಅನಿಸುತ್ತಿತ್ತು. ಮಗುವಿನ ಮೈ ಸ್ವಲ್ಪ ಬಿಸಿಯಾದರೆ ರಾತ್ರಿಯಿಡೀ ಥರ್ಮಾಮೀಟರ್ ಹಿಡಿದು ಕೂರುತ್ತಿದ್ದೆ. ನನ್ನ ಗಂಡ ಈಗ ಅಮ್ಮನ ಎದುರಿಗೇ ಮಾತ್ರೆ ನುಂಗುತ್ತಿದ್ದರು. ಅವರ ಪಕ್ಕದಲ್ಲಿ ನಾನೂ ನುಂಗುತ್ತಿದ್ದೆ, ನನ್ನ ಕೈಯಿಂದ. ರಕ್ತ ಕೊಡುತ್ತಿದ್ದೆವು, ಬರುತ್ತಿದ್ದೆವು. ಒಂದು ಪರೀಕ್ಷೆ ಸರಿ ಬಂತು ಎಂದು ಡಾಕ್ಟರು ಹೇಳುತ್ತಿದ್ದರು. ಕೂಡಲೇ, "ಇನ್ನೂ ಕುಡಿಸ್ಬೇಡಿ, ಇನ್ನೊಂದು ಬಾಕಿ ಇದೆ" ಎನ್ನುತ್ತಿದ್ದರು. ದಿನ ಕಳೆದಂತೆ ಬಟ್ಟಲಿಗೆ ಬೀಳುವ ಹಾಲು ಕಡಿಮೆಯಾಗುತ್ತಿತ್ತು. ಎಷ್ಟು ಹಿಂಡಿದರೂ ತಳ ಮುಚ್ಚುತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಡಾಕ್ಟರು ಬಾಗಿಲಲ್ಲೇ ನಗುತ್ತ ಬಂದರು. ನನಗೆ ಇಲ್ಲ. ಮಗುವಿಗೂ ಇಲ್ಲ. "ಇನ್ನು ಕುಡಿಸಮ್ಮ, ಧೈರ್ಯವಾಗಿ ಕುಡಿಸು" ಎಂದರು. ನನ್ನ ಗಂಡ ಕುರ್ಚಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಹೆಗಲ ಮೇಲೆ ಕೈಯಿಟ್ಟೆ, ಎಷ್ಟೋ ದಿನಗಳ ಮೇಲೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಏನೂ ಇಲ್ಲ" ಎಂದೆ. ಅತ್ತೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಮಗುವನ್ನು ಅವರ ಮಡಿಲಿಂದ ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು ರವಿಕೆ ಬಿಚ್ಚಿದೆ. ಮಗು ಎದೆಯನ್ನು ನೋಡಿತು. ಮೊಲೆಯನ್ನು ತುಟಿಗೆ ತಾಗಿಸಿದೆ. ಬಾಯಿಗೆ ತೆಗೆದುಕೊಂಡಿತು, ಎರಡು ಸಲ ಎಳೆಯಿತು, ಬಿಟ್ಟುಬಿಟ್ಟಿತು. ಮತ್ತೆ ಇಟ್ಟೆ. ಬೆನ್ನು ಸೆಟೆಸಿ, ಮುಖ ತಿರುಗಿಸಿ, ಕೈಯಿಂದ ನನ್ನ ಎದೆಯನ್ನು ನೂಕಿ ಜೋರಾಗಿ ಅತ್ತಿತು. ಅತ್ತೆಯ ಕಡೆ ಕೈ ಚಾಚಿತು.

"ಇನ್ನೊಂದ್ಸಲ ನೋಡು" ಎಂದರು ಅತ್ತೆ.

ನೋಡಿದೆ. ಮಾರನೆಯ ದಿನವೂ ನೋಡಿದೆ, ಅದರ ಮಾರನೆಯ ದಿನವೂ. ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದೆ, ಅತ್ತೆ ಮತ್ತೆ ಬೆಳ್ಳುಳ್ಳಿ ಹುರಿದು ಕೊಟ್ಟಿದ್ದನ್ನೂ ತಿಂದೆ. ಹಾಲು ಹಿಂದಿರುಗಲಿಲ್ಲ, ಮಗುವೂ ಹಿಂದಿರುಗಲಿಲ್ಲ. ಆ ವಾರದ ಕೊನೆಗೆ, ಅತ್ತು ಅತ್ತು ಕೆಂಪಾಗಿದ್ದ ಮಗುವನ್ನು ನಾನು ಎದೆಯ ಹತ್ತಿರ ಇನ್ನೂ ಹಿಡಿದುಕೊಂಡೇ ಇದ್ದೆ. ಅತ್ತೆ ಬಾಟಲಿ ಬೆರೆಸಿ ತಂದು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದರು. ನಾನು ರವಿಕೆ ಮುಚ್ಚಿಕೊಂಡು ಬಾಟಲಿ ಎತ್ತಿಕೊಂಡೆ. ನನ್ನ ಮಗಳು ಎರಡೂ ಕೈಯಿಂದ ಅದನ್ನು ಹಿಡಿದು, ಅದನ್ನೇ ನೋಡುತ್ತ ಕುಡಿದಳು.